ಮಾತಲ್ಲಿ ಪದಗಳಿಗೆ ಬರೀ 7% ಬೆಲೆ ಅನ್ನೋದು ತಪ್ಪು

ಟ್ರೈನಿಂಗ್ ಕೊಡೋರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡ್ತಾನೇ ಇದೆ, ಭಾಷಣದಲ್ಲಿ ಪದಗಳ ಪಾಲು 7%, ದನಿ 38%, ಹಾವಭಾವ 55%, ಹಾಗಾಗಿ ಏನ್ ಹೇಳ್ತೀರಿ ಅನ್ನೋದಕ್ಕಿಂತ ಜೋಶ್ ಇದ್ರೆ ಸಾಕು ಅಂತ. ದಯವಿಟ್ಟು ನಂಬಬೇಡಿ. ಈ ಅಂಕಿ ಬಂದಿದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಎರಡು ಪ್ರಯೋಗಗಳಿಂದ, ಅಲ್ಲಿ ಭಾಷಣಾನೂ ಇರ್ಲಿಲ್ಲ ಪಾಠಾನೂ ಇರ್ಲಿಲ್ಲ, ಬಿಡಿ ಪದಗಳನ್ನ ಬೇರೆ ಬೇರೆ ದನೀಲಿ ಕೇಳಿಸಿ, ಒಂದರಲ್ಲಿ ಮುಖದ ಫೋಟೋನೂ ತೋರಿಸಿ, ಹೇಳ್ತಿರೋರ ಭಾವನೆ ಏನು ಅಂತ ಕೇಳಿದ್ರು ಅಷ್ಟೇ. ಇಷ್ಟ, ಅನಿಸಿಕೆ ಇಂಥದ್ದರ ಬಗ್ಗೆ ಮಾತಾಡ್ದೇ ಇರೋ ಕಡೆ ಈ ಲೆಕ್ಕ ಅನ್ವಯಿಸಲ್ಲ ಅಂತ ಮೆಹ್ರಾಬಿಯನ್ ಅವ್ರೇ ಹೇಳಿದಾರೆ.

ಹಂಗಂತ ದನಿ ಮುಖ್ಯ ಅಲ್ಲ ಅಂತಲ್ಲ, ತುಂಬಾ ಮುಖ್ಯ. ನಮ್ ಕನ್ನಡದಲ್ಲಂತೂ ಕ್ರಿಯಾಪದ ಬರೋದೇ ಸಾಮಾನ್ಯವಾಗಿ ವಾಕ್ಯದ ಕೊನೇಲಿ, ಸುಮಾರು ಜನ ಅಲ್ಲಿಗೆ ಬರೋಷ್ಟರಲ್ಲಿ ಉಸಿರು ಖಾಲಿ ಮಾಡ್ಕೊಂಡು ದನಿ ಇಳಿಸಿಬಿಡ್ತಾರೆ, "ಮೇನ್ ಸ್ವಿಚ್ ಆಫ್ ಮಾಡದೆ ಪ್ಯಾನೆಲ್ ಮುಟ್ಟ..." ವರೆಗೆ ಕೇಳ್ಸುತ್ತೆ, "ಬಾರದು" ಹಿಂದಿನ ಸಾಲಿಗೆ ತಲುಪೋದೇ ಇಲ್ಲ. ಜೋಶ್ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ವಾಕ್ಯ ಚಿಕ್ಕದು ಮಾಡಿ, ಮಧ್ಯೆ ಉಸಿರು ತಗೊಳ್ಳಿ, ಕೊನೇ ಪದಾನೂ ಗಟ್ಟಿಯಾಗಿ ಪೂರ್ತಿ ಹೇಳಿ.