ಅಂಗಡಿಯ ಜಾಹೀರಾತಿಗೆ ಯಂತ್ರದ ದನಿ: ಬೇಕೆ, ಬೇಡವೆ?

ಪರ

ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಚಟ್ನಿಪುಡಿ, ಸಾಂಬಾರುಪುಡಿ ಮಾಡಿ ಮಾರುವ ಗೃಹಿಣಿಯೊಬ್ಬರು ನನ್ನೆದುರೇ ಜಾಹೀರಾತು ತಯಾರಿಸಿದರು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದರು, ಮೊಬೈಲಿನಲ್ಲಿ ನಾಲ್ಕು ಸಾಲು ಕನ್ನಡ ಟೈಪ್ ಮಾಡಿದರು, ಬರೆದದ್ದನ್ನು ಓದಿ ಹೇಳುವ ಆ್ಯಪಿನ ಪಟ್ಟಿಯಲ್ಲಿದ್ದ ಯಂತ್ರದ ದನಿಗಳ ಪೈಕಿ ವಯಸ್ಸಾದ ಹೆಂಗಸಿನದೊಂದನ್ನು ಆರಿಸಿದರು. ಬಾಣಲೆಯಲ್ಲಿದ್ದ ಒಣಮೆಣಸಿನಕಾಯಿ ಹುರಿದು ಮುಗಿಯುವ ಹೊತ್ತಿಗೆ 20 ಸೆಕೆಂಡಿನ ವಿಡಿಯೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿತ್ತು. ‘ನೀವೇ ಮಾತನಾಡಬಹುದಿತ್ತಲ್ಲ’ ಎಂದೆ. ‘ಮೊಬೈಲ್ ಎದುರಿಗೆ ಬಂದರೆ ನಾಲಿಗೆ ತಡವರಿಸುತ್ತದೆ. ಅತ್ತೆಯವರು ಬೇರೆ ಪಕ್ಕದ ಕೋಣೆಯಲ್ಲೇ ಇರುತ್ತಾರೆ’ ಎಂದು ನಕ್ಕರು.

ಇವರಿಗೆ ಹಿಂದೆ ಯಾವ ದಾರಿ ಇತ್ತು? ಸಯ್ಯಾಜಿರಾವ್ ರಸ್ತೆಯಲ್ಲಿ ಫಲಕ ಹಾಕಿಸುವುದು ಕನಸಿನ ಮಾತು. ಪತ್ರಿಕೆಯೊಳಗೆ ಕರಪತ್ರ ಸೇರಿಸಿದರೆ ಅದು ಓದುವ ಮೊದಲೇ ಕಪಾಟಿನ ತಳಕ್ಕೆ ಹಾಸಾಗುತ್ತದೆ. ಪ್ರಚಾರದ ಆಟೋದವರಿಗೆ ಹಣ ಕೊಟ್ಟು ದನಿ ಮುದ್ರಿಸಿಕೊಂಡ ಮೇಲೆ ಮೆಣಸಿನಕಾಯಿ ಬೆಲೆ ಏರಿತೆಂದರೆ ಮತ್ತೆ ಮೊದಲಿನಿಂದ ಮುದ್ರಿಸಬೇಕು. ಈಗ ಒಂದು ಅಂಕಿ ಬದಲಿಸಿದರೆ ಆಯಿತು.

ಹೆಸರಾಂತ ಮುಖಗಳು ಯಾರಿಗೆ ಎಟಕುತ್ತವೆ ಎಂಬುದನ್ನೂ ನೋಡಿ. 2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ಒಪ್ಪಿಸಲಾಯಿತು. ಕನ್ನಡದ ನಟಿಯರಿರಲಿಲ್ಲವೇ ಎಂದು ಗಲಾಟೆಯೂ ಆಯಿತು. ಆ ಜಗಳದಲ್ಲಿ ಯಾರು ಗೆದ್ದರೂ ಶಿವರಾಮಪೇಟೆಯ ಪಾತ್ರೆ ಅಂಗಡಿಗೆ ಏನೂ ಸಿಗುತ್ತಿರಲಿಲ್ಲ. ಸಿಕ್ಕದ್ದು 2021ರ ದೀಪಾವಳಿಯಲ್ಲಿ. ಕ್ಯಾಡ್‌ಬರಿ ಕಂಪನಿ ಶಾರುಖ್ ಖಾನ್ ಅವರ ಒಪ್ಪಿಗೆ ಪಡೆದು, ಅವರ ಮುಖ ಮತ್ತು ದನಿಯನ್ನು ಕೃತಕ ಬುದ್ಧಿಮತ್ತೆಗೆ ಒಳಪಡಿಸಿತು. ಸಣ್ಣ ಅಂಗಡಿಯವರು ತಮ್ಮ ಅಂಗಡಿಯ ಹೆಸರು ಕೊಟ್ಟರೆ, ಶಾರುಖ್ ಆ ಹೆಸರನ್ನೇ ಹೇಳುವ ಜಾಹೀರಾತು ತಯಾರಾಗುತ್ತಿತ್ತು. ಕೋಟಿಗಳ ಸರಕು ಕಿರಾಣಿ ಅಂಗಡಿಗೆ ಪುಕ್ಕಟೆ ಬಂದಿತ್ತು.

ಹೊಸ ಯಂತ್ರ ಎಂದರೆ ಬೆಚ್ಚುವ ಊರೂ ಇದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇಲ್ಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಕಂಪ್ಯೂಟರಿಗೆ ಭಾರತೀಯ ಭಾಷೆಗಳನ್ನು ಕಲಿಸಲು ಬೇಕಾದ ಮಾತಿನ ಮಾದರಿಗಳನ್ನು ಕಲೆಹಾಕುವ ಕೆಲಸ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲೇ ನಡೆಯುತ್ತಿದೆ. ಯಂತ್ರ ಕನ್ನಡ ಮಾತನಾಡಲಿ ಎಂದು ಇಷ್ಟೆಲ್ಲ ದುಡಿದು, ಅದು ಬಾಯಿಬಿಟ್ಟ ದಿನ ‘ಸುಮ್ಮನಿರು’ ಎನ್ನುವುದು ಯಾವ ನ್ಯಾಯ?

ವಿರೋಧ

ಮೊದಲು ಅದು ಮಾತನಾಡುವ ಕನ್ನಡವನ್ನೇ ಕೇಳಿ. ಅರಸು ರಸ್ತೆಯಲ್ಲಿ ಸೀರೆ ಅಂಗಡಿಯೊಂದರ ಮುಂದಿನ ಧ್ವನಿವರ್ಧಕ ದಿನವಿಡೀ ‘ಶೇ... ಐವತ್ತು ರಿಯಾಯಿತಿ’ ಎನ್ನುತ್ತಿತ್ತು. ‘ಶೇ.’ ಎಂದರೆ ಶೇಕಡಾ ಎಂದು ಯಂತ್ರಕ್ಕೆ ತಿಳಿಯದು. ಚುಕ್ಕಿ ಕಂಡಿತು, ನಿಂತಿತು. ಬಾಗಿಲಲ್ಲಿದ್ದ ಹುಡುಗನಿಗೂ ಅದು ಕೇಳಿಸಿದಂತಿರಲಿಲ್ಲ. ಇದು ಇಂದಲ್ಲ ನಾಳೆ ಸರಿಹೋಗುವ ದೋಷ, ಒಪ್ಪೋಣ. ಸರಿಹೋಗದ ದೋಷ ಬೇರೆಯೇ ಇದೆ.

ಮೇಲೆ ಮೆಚ್ಚಿಕೊಂಡ ಚಟ್ನಿಪುಡಿಯ ಜಾಹೀರಾತನ್ನೇ ತೆಗೆದುಕೊಳ್ಳಿ. ವಯಸ್ಸಾದ ಹೆಂಗಸಿನ ದನಿಯೇ ಏಕೆ ಬೇಕಾಯಿತು? ಕೇಳಿದವರು ಅಡುಗೆಮನೆಯಲ್ಲಿ ನುರಿತ ಅಜ್ಜಿಯ ಕೈರುಚಿ ಎಂದುಕೊಳ್ಳಲಿ ಎಂದು. ಅಂಥ ಅಜ್ಜಿ ಇಲ್ಲ. (ನಿಜವಾದ ಹಿರಿಯ ದನಿ ಪಕ್ಕದ ಕೋಣೆಯಲ್ಲೇ ಇತ್ತು, ಅವರನ್ನು ಯಾರೂ ಕೇಳಲಿಲ್ಲ.) ಪುಡಿ ಚೆನ್ನಾಗಿಯೇ ಇರಬಹುದು, ಮಾರುವವರು ಸಜ್ಜನರೇ ಇರಬಹುದು. ಆದರೂ ಕೊಳ್ಳುವವರ ನಂಬಿಕೆಯನ್ನು ಇಲ್ಲದ ವ್ಯಕ್ತಿಯೊಬ್ಬಳ ಹೆಸರಿನಲ್ಲಿ ಪಡೆದಂತಾಯಿತು.

ಒಬ್ಬರು ಸರಕಿನ ಪರವಾಗಿ ಬಾಯಿ ತೆರೆದರೆ ಅದಕ್ಕೆ ಜಾಮೀನು ನಿಂತಂತೆ. ಕಾನೂನು ಕೂಡ ಹೀಗೇ ನೋಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರಿಗಷ್ಟೇ ಅಲ್ಲ, ಅದರಲ್ಲಿ ಶಿಫಾರಸು ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಒಂದು ವರ್ಷದವರೆಗೆ ಯಾವ ಸರಕನ್ನೂ ಹೊಗಳದಂತೆ ತಡೆಯಲೂಬಹುದು. ಹೇಳುವ ಮುನ್ನ ತಾವೇ ಪರಿಶೀಲಿಸಿದ್ದರೆ ವಿನಾಯಿತಿ ಉಂಟು. ಆ ಯಂತ್ರದಜ್ಜಿ ಏನನ್ನು ರುಚಿ ನೋಡಿದ್ದಳು? ಅವಳಿಗೆ ನೋಟಿಸ್ ಕೊಡುವುದು ಯಾವ ವಿಳಾಸಕ್ಕೆ? ಪ್ರಚಾರದ ಆಟೋಕ್ಕೆ ದನಿ ಕೊಡುವವನು ಈ ಕಾಯ್ದೆಯನ್ನು ಓದಿರಲಾರ. ಆದರೆ ಮಂಡ್ಯದ ಸಂತೆಯಲ್ಲಿ ಜನ ಅವನನ್ನು ಗುರುತು ಹಿಡಿಯುತ್ತಾರೆ, ‘ನೀನು ಹೇಳಿದೆಯೆಂದೇ ಹೋಗಿ ಕೊಂಡೆ’ ಎಂದು ತರಾಟೆಗೆ ತೆಗೆದುಕೊಳ್ಳುತ್ತಾರೆ. ಆ ಅಂಜಿಕೆಯೇ ಅವನ ಮಾತಿಗೊಂದು ಕಡಿವಾಣ.

ಶಾರುಖ್ ಉದಾಹರಣೆ ನಮ್ಮ ಕಡೆಗೇ ವಾಲುತ್ತದೆ. ಅಲ್ಲಿ ಒಪ್ಪಿಗೆ ಇತ್ತು, ಹಿಂದೆ ದೊಡ್ಡ ಕಂಪನಿ ಇತ್ತು. ಒಪ್ಪಿಗೆಯಿಲ್ಲದೆ ತಮ್ಮ ದನಿಯನ್ನು ನಕಲು ಮಾಡುತ್ತಿದ್ದಾರೆಂದು ಗಾಯಕ ಅರಿಜಿತ್ ಸಿಂಗ್ 2024ರಲ್ಲಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದರು. ಕೋರ್ಟು ಅವರಿಗೆ ಮಧ್ಯಂತರ ರಕ್ಷಣೆಯನ್ನೂ ಕೊಟ್ಟಿತು. ಅವರಿಗೆ ವಕೀಲರಿದ್ದರು. ಮೈಸೂರಿನ ಮದುವೆ ಮನೆಗಳಲ್ಲಿ ನಿರೂಪಣೆ ಮಾಡಿ ಬದುಕುವವರ ದನಿಯನ್ನು ಒಂದು ತುಣುಕು ವಿಡಿಯೊದಿಂದ ಎತ್ತಿಕೊಂಡರೆ ಅವರು ಯಾರ ಬಾಗಿಲು ತಟ್ಟಬೇಕು? ಭಾಷಾ ಸಂಸ್ಥಾನದವರು ಮಾತುಗಾರರನ್ನು ಎದುರು ಕೂರಿಸಿಕೊಂಡು ದನಿ ದಾಖಲಿಸುತ್ತಾರೆ. ಆ್ಯಪಿನವರು ಎಲ್ಲಿಂದ ತಂದರೆಂದು ಬಳಸುವವರೂ ಕೇಳುವುದಿಲ್ಲ.

ಸಣ್ಣ ವ್ಯಾಪಾರಿಯ ಕಷ್ಟ ಸುಳ್ಳಲ್ಲ. ಬೆಲೆ, ವಿಳಾಸ, ಅಂಗಡಿ ತೆರೆಯುವ ಹೊತ್ತು ಇವನ್ನೆಲ್ಲ ಯಂತ್ರವೇ ಓದಲಿ, ತಕರಾರಿಲ್ಲ. ರುಚಿ, ಗುಣ, ಅನುಭವದ ಮಾತು ಬಂದಾಗ ಮನುಷ್ಯರು ಬೇಕು. ಇಲ್ಲವೆಂದರೆ ಯಂತ್ರ ಎಂದು ಎದುರಿಗೇ ಹೇಳಬೇಕು. ಕೇಂದ್ರ ಸರ್ಕಾರ 2025ರ ಅಕ್ಟೋಬರಿನಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ, ಕೃತಕ ದೃಶ್ಯದ ಶೇ. 10ರಷ್ಟು ಜಾಗದಲ್ಲಿ, ಕೃತಕ ದನಿಯಾದರೆ ಮೊದಲ ಶೇ. 10ರಷ್ಟು ಅವಧಿಯಲ್ಲಿ ಆ ಸೂಚನೆ ಇರಬೇಕೆಂದಿತ್ತು. 20 ಸೆಕೆಂಡಿನ ಜಾಹೀರಾತಿಗೆ ಬರೀ ಎರಡು ಸೆಕೆಂಡು. ಅಷ್ಟರಿಂದ ಯಾರ ವ್ಯಾಪಾರವೂ ಮುಳುಗುವುದಿಲ್ಲ. ದೆಹಲಿಯತ್ತ ನೋಡುತ್ತ ಕೂರಬೇಕಾಗಿಯೂ ಇಲ್ಲ. ದಸರಾ ವಸ್ತುಪ್ರದರ್ಶನದ ಮಳಿಗೆಗಳನ್ನು ಹಂಚುವಾಗ ಪ್ರಾಧಿಕಾರವೇ ಕರಾರಿನಲ್ಲಿ ಒಂದು ಸಾಲು ಸೇರಿಸಬಹುದು: ಯಂತ್ರದ ದನಿ ಬಳಸಿದರೆ ಹಾಗೆಂದು ಬರೆದು, ಕೆಳಗೆ ಮಾಲೀಕರ ಹೆಸರು ಮತ್ತು ಫೋನ್ ಸಂಖ್ಯೆ ಹಾಕತಕ್ಕದ್ದು.