ಕೈಯಾಗ ಕಡ್ಡಿ, ಮೈಯಾಗ ಕೊರತಿ

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ, ಬೆಳಿಗ್ಗೆ ಆರೂವರೆ. ವಾಕಿಂಗಿಗೆ ಬಂದವರ ಕಾಲಿಗೆ ಅಡ್ಡವಾಗಿ ಒಂದು ಮೇಜು, ಮೇಲೆ ಲ್ಯಾಪ್‌ಟಾಪ್, ಹಿಂದೆ ‘ಉಚಿತ ವಿಟಮಿನ್ ತಪಾಸಣೆ’ ಬ್ಯಾನರ್. ರಕ್ತ ಬೇಡ, ಸೂಜಿ ಬೇಡ. ಹೆಸರು, ವಯಸ್ಸು, ಎತ್ತರ, ತೂಕ ಹೇಳಿ ಉಕ್ಕಿನ ಕಡ್ಡಿಯೊಂದನ್ನು ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿದರೆ ಮುಗಿಯಿತು. ಪ್ರಿಂಟರ್ ಹಾಳೆ ಮೇಲೆ ಹಾಳೆ ಉಗುಳುತ್ತದೆ.

“ಕಾಕಾ, ನಿಮಗ ಬಿ12 ಕಡಿಮಿ ಐತ್ರಿ. ಡಿ ಅಂತೂ ತಳಾ ಕಂಡೈತಿ. ಸೆಲೆನಿಯಂ ಸೈತ ಇಲ್ಲ.”

“ಸೆಲೆನಿಯಂ ಅಂದ್ರ ಏನೋ ತಮ್ಮಾ?”

“ಅದೂ ಈ ಡಬ್ಬಿಯೊಳಗ ಐತ್ರಿ.”

ರಕ್ತದಲ್ಲಿ ಬಿ12 ಇರುವುದೇ ಪಿಕೋಗ್ರಾಮ್ ಲೆಕ್ಕದಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಒಂದು ಮಿಲಿಲೀಟರಿನಲ್ಲಿ ಇಂಥ 200 ಪಾಲಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಲ್ಯಾಬಿನವರು ರಕ್ತ ತೆಗೆದು, ಸೀರಮ್ ಬೇರ್ಪಡಿಸಿ ಅಳೆಯುವುದನ್ನು ಈ ಕಡ್ಡಿ ಅಂಗೈ ಬೆವರಿನಲ್ಲೇ ಓದಿಬಿಡುತ್ತದಂತೆ. ಎರಡನೇ ಸಲ ಹಿಡಿದಾಗ ಬೇರೆ ಅಂಕಿ ಬಂದರೆ, “ಕೈ ಹಸಿ ಇತ್ರಿ.” ಬುಡಬುಡಿಕೆಯವನೂ ಮೊದಲು ನಮ್ಮಿಂದಲೇ ಎಲ್ಲ ಕೇಳಿಕೊಂಡು ಆಮೇಲೆ ಅದನ್ನೇ ಹೇಳುತ್ತಿದ್ದ, ಪಾಪ, ಒಂದು ಹಳೇ ಅಂಗಿ ಇಸಗೊಂಡು ಹೋಗುತ್ತಿದ್ದ.

ಕಾಕಾಗೆ ಬಿ12 ನಿಜಕ್ಕೂ ಕಡಿಮೆ ಇದ್ದೀತು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ, ಮೇಲೆ ಶುದ್ಧ ಶಾಕಾಹಾರ. ಸಣ್ಣ ಕರುಳಿನ ತುದಿಯಲ್ಲಿ ಬಿ12 ಹೀರಿಕೆಗೆ ಈ ಗುಳಿಗೆ ಅಡ್ಡ ಬರುತ್ತದೆ. ಪಾದ ಜುಂ ಅನ್ನುವುದು ಈ ಕೊರತೆಯಿಂದಲೂ ಇದ್ದೀತು, ಅವರು “ಸಕ್ರೀದು” ಎಂದುಕೊಂಡು ಸುಮ್ಮನಿದ್ದಾರೆ. ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳುವ ಕಾಲಂ ಮಾತ್ರ ಆ ಲ್ಯಾಪ್‌ಟಾಪಿನಲ್ಲಿಲ್ಲ.

ಇನ್ನು ಡಿ. ಸ್ವೆಟರ್, ಮಂಕಿ ಕ್ಯಾಪ್ ತೊಟ್ಟು ಆರೂವರೆಯ ಎಳೆಬಿಸಿಲು ಕಾಯಿಸಿದರೆ ಮನಸ್ಸಿಗೆ ಹಿತ, ಅಷ್ಟೇ. ಚರ್ಮ ಡಿ ತಯಾರಿಸುವುದು ಬಿಸಿಲು ನೆತ್ತಿಯ ಹತ್ತಿರ ಬಂದು ನೆರಳು ನಮಗಿಂತ ಗಿಡ್ಡ ಆದಾಗ. ಅದು ಕೊಬ್ಬಿನಲ್ಲಿ ಕರಗಿ ಕೂರುವ ವಿಟಮಿನ್ನು. ಹೊಟ್ಟೆ ದೊಡ್ಡದಾದಷ್ಟೂ ರಕ್ತದಲ್ಲಿ ಕಡಿಮೆ ಕಾಣುತ್ತದೆ. ಕೊರತೆ ಖಚಿತವಾದರೆ ವೈದ್ಯರು 60,000 ಯೂನಿಟ್ಟಿನ ಪುಡಿ ಬರೆಯುವುದುಂಟು: ವಾರಕ್ಕೊಂದು, ಎಂಟು ವಾರ. “ದಿನಾ ತಗೊಂಡ್ರ ಲಗೂ ಆರಾಮ” ಎಂಬ ಪಕ್ಕದ ಮನೆಯ ಸಲಹೆ ಹಿಡಿದರೆ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಡೆಗೆ ಕಿಡ್ನಿಗೇ ಪೆಟ್ಟು.

ಕಾಕುಗೆ ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ನಿನ ಗುಳಿಗೆ ಸಿಕ್ಕಿತು, 10 ಮಿಲಿಗ್ರಾಮಿನದು. ಕೆಲವು ಥೈರಾಯ್ಡ್ ಪರೀಕ್ಷೆಗಳು ನಡೆಯುವುದೇ ಬಯೋಟಿನ್ ಆಧಾರದ ಮೇಲೆ. ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡ್ ಸ್ಥಿತಿ ಹೇಳುವ ಟಿಎಸ್‌ಎಚ್ ಹಾರ್ಮೋನು ಸುಳ್ಳುಸುಳ್ಳೇ ಇಳಿದು ತೋರುತ್ತದೆ. ಕಾಕು ಪರೀಕ್ಷೆಗೆ ಎರಡು ದಿನ ಮೊದಲೇ ಗುಳಿಗೆ ನಿಲ್ಲಿಸಬೇಕಿತ್ತು. ಹೀಗೆ ಇಲ್ಲದ ಥೈರಾಯ್ಡ್ ಕಾಯಿಲೆಯೂ ಮನೆಗೆ ಬಂತು.

ಅಳೆಯಬೇಕಾದ್ದು ಹೊಟ್ಟೆಯ ಸುತ್ತಳತೆ, ಅದಕ್ಕೆ ಟೇಲರ್ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟು ನೋಡುವುದು. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ. “ನಂದು ಮೂವತ್ತಾರೇ ಅಲಾ, ಮದಿವ್ಯಾದಾಗಿಂದ!” ಅನ್ನುತ್ತಾರೆ ಕಾಕಾ. ಖರೆ. ಪ್ಯಾಂಟು ಅದೇ, ಕಟ್ಟುವ ಜಾಗ ಮಾತ್ರ ಹೊಟ್ಟೆಯ ಕೆಳಗಿಳಿದಿದೆ.

ಜೀವನಪೂರ್ತಿ ವಿಟಮಿನ್ ನುಂಗಲೇಬೇಕಾದವರೂ ಇದ್ದಾರೆ: ತೂಕ ಇಳಿಸಲೆಂದು ಜಠರದ ಬೈಪಾಸ್ ಆಪರೇಷನ್ ಮಾಡಿಸಿಕೊಂಡವರು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ತಪ್ಪಿಸುವಂತಿಲ್ಲ. ಅವರಲ್ಲೇ ಕೆಲವರು ಆರು ತಿಂಗಳಿಗೆ “ಆರಾಮದೀನ್ರಿ” ಎಂದು ಬಿಟ್ಟುಬಿಡುತ್ತಾರೆ.

ಕಾಕಾ ಆ ಮೇಜಿನ ಮೇಲಿನ ಪುಡಿಯ ಡಬ್ಬಿ ಕೊಂಡರು. ಊಟದ ಬದಲು ಎರಡು ಚಮಚ ಎಂದು ಬರೆದಿತ್ತು. ಅವರು ಕೆನೆಹಾಲಿಗೆ ಕಲಸಿ ಊಟಕ್ಕಿಂತ ಮೊದಲು ಕುಡಿದರು, ಸಂಜೆ ಗಿರ್ಮಿಟ್, ಮಿರ್ಚಿ ಎಂದಿನಂತೆ. ತಿಂಗಳಿಗೆ ತೂಕ ಎರಡು ಕಿಲೋ ಏರಿತು, ಡಬ್ಬಿ ತೀರಿತು. ಕಾಕು ಅದನ್ನು ತೊಳೆದು ಶೇಂಗಾ ಹಿಂಡಿ ತುಂಬಿಟ್ಟರು. ಮೇಲೆ ಬರೆದ ಪ್ರೋಟೀನ್ ಈಗ ಒಳಗೂ ಇದೆ.