ಡಾಕ್ಟರ್ ಮುಂದೆ ಹುಡುಗಿ ಯಾಕೆ ಸುಳ್ಳು ಹೇಳಬೇಕು?

ಟೊರೊಂಟೊಗೆ ಬಂದ ಹೊಸದರಲ್ಲಿ ನಮ್ಮ ಫ್ಯಾಮಿಲಿ ಡಾಕ್ಟರ್ ನನ್ನನ್ನೂ ನನ್ನ ಹೆಂಡತಿಯನ್ನೂ ಒಂದೇ ಥರ ಕೇಳಿದರು. ವಾರಕ್ಕೆ ಎಷ್ಟು ಸಲ ಕುಡಿಯುತ್ತೀರಿ? ಗಾಂಜಾ ಸೇದುತ್ತೀರಾ? ಎರಡೂ ಒಟ್ಟಿಗಾ? ನಿದ್ದೆ ಚೆನ್ನಾಗಿ ಬರುತ್ತಾ ಅಂತ ಕೇಳುವ ದನಿಯಲ್ಲೇ ಕೇಳಿದರು. ಬಸವನಗುಡಿಯಲ್ಲಿ ಬೆಳೆದ ನನ್ನ ಹೆಂಡತಿಗೆ ಸಿಟ್ಟು ಬಂತು. 'ನನ್ನನ್ನೂ ಕೇಳ್ತಾರಲ್ಲ!' ಅಂತ ಮನೆ ಮುಟ್ಟುವವರೆಗೂ ಅದೇ ಮಾತು.

ಆ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು ಹೋದ ಸಲ ಬೆಂಗಳೂರಿಗೆ ಬಂದಾಗ.

ನನ್ನ ಅಕ್ಕನ ಮಗಳು ಕೋರಮಂಗಲದಲ್ಲಿ ಪಿಜಿಯಲ್ಲಿದ್ದಳು. ಒಂದು ಶನಿವಾರ ರಾತ್ರಿ ಅವಳ ಗೆಳತಿಯಿಂದ ಫೋನ್ ಬಂತು. ಎರಡು ಪೆಗ್ ಕುಡಿದು, ಅದರ ಮೇಲೆ ಯಾರೋ ಕೊಟ್ಟ ಗಾಂಜಾ ಸೊಪ್ಪು ಸೇದಿದ್ದಳಂತೆ. ತಲೆ ಗಿರ್ರ್ ಅಂದು, ಎದೆ ಡವಡವ ಹೊಡೆದುಕೊಂಡು, ವಾಂತಿ ಮಾಡಿ ಕುಸಿದಿದ್ದಳು. ಆಸ್ಪತ್ರೆಯಲ್ಲಿ ಗೆಳತಿಯರು ಹೇಳಿದ್ದು 'ಫುಡ್ ಪಾಯ್ಸನ್'. ನಾನು ಹೋಗಿ ಡಾಕ್ಟರನ್ನು ಪಕ್ಕಕ್ಕೆ ಕರೆದು ನಿಜ ಹೇಳಿದೆ. ಅವಳು ಕಣ್ಣು ಬಿಟ್ಟವಳೇ ಅಂದಳು, 'ಅಮ್ಮಂಗೆ ಹೇಳ್ಬೇಡ ಮಾಮ.'

ನಮ್ಮ ಮನೆಯದೇ ಹುಡುಗನೊಬ್ಬ ಕಾಲೇಜಲ್ಲಿದ್ದಾಗ ನಂದಿ ಬೆಟ್ಟಕ್ಕೆ ಹೋಗಿ ಇದನ್ನೇ ಮಾಡಿಕೊಂಡಿದ್ದ. ಅದು ಇವತ್ತಿಗೂ ಮದುವೆ ಮನೆಯಲ್ಲಿ ಎಲ್ಲರೂ ನಕ್ಕು ಹೇಳುವ ಕಥೆ.

ಎಣ್ಣೆ, ಗಾಂಜಾ ಎರಡನ್ನೂ ಬೆರೆಸುವವರಲ್ಲಿ ಗಂಡಸರೇ ಜಾಸ್ತಿ, ಅದು ನಿಜ. ಆದರೆ ಹೆಂಗಸಿನ ಮೈ ಅದನ್ನು ತಗೊಳ್ಳುವ ರೀತಿ ಬೇರೆ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ. ಹೊಟ್ಟೆಯಲ್ಲೇ ಆಲ್ಕೋಹಾಲನ್ನು ಒಡೆಯುವ ಕಿಣ್ವವೂ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಗಂಡಸು ಕುಡಿದಷ್ಟೇ ಕುಡಿದರೂ ಅವಳ ರಕ್ತದಲ್ಲಿ ಆಲ್ಕೋಹಾಲ್ ಹೆಚ್ಚು ಸೇರುತ್ತದೆ. ಇನ್ನು ಕುಡಿದ ಮೇಲೆ ಸೇದಿದರೆ ಗಾಂಜಾದ ಅಮಲಿನ ಅಂಶ, ಟಿಎಚ್‌ಸಿ, ರಕ್ತದಲ್ಲಿ ಬರೀ ಗಾಂಜಾ ಸೇದಿದಾಗಿನದಕ್ಕಿಂತ ಮೇಲೇರುತ್ತದೆ. ಅಂದರೆ ಎರಡು ಕಡೆಯಿಂದಲೂ ಪೆಟ್ಟು. ಚಿಕಿತ್ಸೆಗೆ ಬರುವ ಹೆಂಗಸರಲ್ಲಿ ವೈದ್ಯರು ಇನ್ನೊಂದನ್ನೂ ಕಂಡಿದ್ದಾರೆ. ಮೊದಲ ಗುಟುಕಿನಿಂದ ಚಟದವರೆಗಿನ ದಾರಿ ಎಷ್ಟೋ ಸಲ ಅವರಿಗೆ ಗಂಡಸರಿಗಿಂತ ಗಿಡ್ಡ. ನಮ್ಮ ಹುಡುಗಿಗೆ ಇದರಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ. ಹೇಳಿದ್ದೆಲ್ಲ 'ಒಳ್ಳೆ ಮನೆ ಹುಡುಗೀರು ಹಂಗೆಲ್ಲ ಮಾಡಲ್ಲ' ಅನ್ನುವುದೊಂದೇ.

2019ರಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಏಮ್ಸ್ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಅಂತರ ದೊಡ್ಡದೇ, ಅಲ್ವಾ? ಆದರೆ ಮನೆ ಬಾಗಿಲಿಗೆ ಬಂದು ಕೇಳಿದಾಗ, ಪಕ್ಕದಲ್ಲಿ ಅತ್ತೆ ಕೂತಿದ್ದರೆ, ಯಾವ ಸೊಸೆ ಹೌದು ಅನ್ನುತ್ತಾಳೆ? ಈ ಅಂತರದಲ್ಲಿ ಸ್ವಲ್ಪ ಭಯವೂ ಸೇರಿದೆ ಅಂತ ನನಗನಿಸುತ್ತದೆ.

ಕೆನಡಾದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಗಾಂಜಾ ಕಾನೂನುಬದ್ಧ ಆದಮೇಲೆ ನಮ್ಮ ಬೀದಿಯಲ್ಲೇ ಅದರ ಅಂಗಡಿ ಬಂತು. ಮಕ್ಕಳನ್ನು ಕರಕೊಂಡು ಅದರ ಮುಂದೆ ಹೋಗಲು ನನಗೆ ಇಷ್ಟವಿಲ್ಲ. ಆದರೆ ಎರಡನ್ನೂ ಬೆರೆಸುವುದು ಬೇರೆಯದೇ ಅಪಾಯ ಅಂತ ಅಲ್ಲಿನ ಕಾನೂನೇ ಒಪ್ಪುತ್ತದೆ. ಗಾಡಿ ಓಡಿಸುವವರಿಗೆ ಟಿಎಚ್‌ಸಿ ಮಾತ್ರ ಇದ್ದರೆ ಒಂದು ಮಿತಿ. ಜೊತೆಗೆ ಕುಡಿದಿದ್ದರೆ ಅದಕ್ಕಿಂತ ಕಡಿಮೆಯೇ ಸಾಕು, ಕಠಿಣ ಕೇಸು. ಬೆಂಗಳೂರಲ್ಲಿ ರಾತ್ರಿ ಊದಿಸುವ ಮೆಷೀನಿಗೆ ಎಣ್ಣೆ ಮಾತ್ರ ಗೊತ್ತಾಗುತ್ತದೆ.

ಸಹಾಯ ಇಲ್ಲಿಲ್ಲ ಅಂತಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಅವಳ ಗೆಳತಿಯರಿಗೆಲ್ಲ ಕಳಿಸಿದೆ. ಹಾಗೆ ಕುಸಿದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಂಟಿಯಾಗಿ ಬಿಡಬೇಡಿ, ಡಾಕ್ಟರಿಗೆ ಎರಡರ ಹೆಸರನ್ನೂ ಹೇಳಿ ಅಂತಲೂ ಬರೆದೆ.

ನಾನು ವಾಪಸ್ ಹೊರಡುವ ವಾರ ಅವಳೇ ಅಮ್ಮನಿಗೆ ಹೇಳಿದಳು. ಅಕ್ಕ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ನನಗೆ ಕಾಫಿ ಕೊಡುತ್ತಾ ಕೇಳಿದ್ದು ಇಷ್ಟೇ: 'ಡಾಕ್ಟರಿಗೆ ನಿಜ ಹೇಳೋಕೆ ಎಷ್ಟು ಹೊತ್ತು ಮಾಡಿದ್ರೋ?'